ಗಾಂಧಿ ಬಜಾರಿನಲ್ಲಿ 36 ಕ್ಲಿಕ್

ಭಾನುವಾರ ಬೆಳಗ್ಗೆ ಏಳಕ್ಕೆ ಗಾಂಧಿ ಬಜಾರಿಗೆ ಹೊರಟೆ. ಕುತ್ತಿಗೆಯಲ್ಲಿ ಅಪ್ಪನ ಹಳೇ ಪೆಂಟ್ಯಾಕ್ಸ್ ಕೆ1000, ಪಕ್ಕದಲ್ಲಿ ಅಪ್ಪ. ಇದರಲ್ಲಿ ಫೋಕಸ್, ಶಟರ್, ಅಪರ್ಚರ್ ಎಲ್ಲಾ ನಾವೇ ತಿರುಗಿಸ್ಬೇಕು. ಬ್ಯಾಟರಿ ಬೇಕಿರೋದು ಲೈಟ್ ಮೀಟರಿಗೆ ಮಾತ್ರ. ರೋಲಿಗೆ 36 ಫೋಟೋ, ಅಷ್ಟೇ. ಫೋನಲ್ಲಾದ್ರೆ ಒಂದು ದೋಸೆಗೇ ಅಷ್ಟು ತೆಗೀತೀನಿ!

ಮೊದಲ ರೋಲ್ ಪೂರಾ ಖಾಲಿ ಬಂದಿತ್ತು. ಫಿಲ್ಮ್ ಸರಿಯಾಗಿ ಸಿಕ್ಕಿಕೊಂಡಿರಲಿಲ್ಲ. "ಲಿವರ್ ಎಳೆದಾಗ ಎಡಗಡೆ ರಿವೈಂಡ್ ನಾಬ್ ತಿರುಗ್ತಿದೆಯಾ ನೋಡ್ಕೋಬೇಕು ಕಣೋ" ಅಂದಿದ್ರು ಅಪ್ಪ.

ಈ ಸಲ ನಿಧಾನ. ಮೊಳ ಅಳೀತಿದ್ದ ಹೂವಿನಮ್ಮನ ಕೈ ಒಂದು ಫ್ರೇಮ್. ಅದಕ್ಕೆ ಬಿಸಿಲು ಬೀಳಲಿ ಅಂತ ಐದು ನಿಮಿಷ ಕಾದೆ. "ಎಲ್ಲಿ, ತೋರ್ಸಪ್ಪ" ಅಂದ್ರು. ತೋರಿಸೋಕೆ ಹಿಂದೆ ಸ್ಕ್ರೀನೇ ಇಲ್ಲ! ಪ್ರಿಂಟ್ ತಂದುಕೊಡ್ತೀನಿ ಅಂದೆ.

ಕೊನೇ ಫ್ರೇಮ್ ಉಳಿಸಿಕೊಂಡಿದ್ದೆ. ನಮ್ಮನೆ ಆಲ್ಬಂಗಳಲ್ಲಿ ನನ್ನ ನಾಮಕರಣ, ಅಕ್ಕನ ಸ್ಕೂಲ್ ಡೇ, ಅಮ್ಮನ ರೇಷ್ಮೆ ಸೀರೆ ಎಲ್ಲಾ ಇವೆ, ಅಪ್ಪ ಇಲ್ಲ. ಕ್ಯಾಮೆರಾ ಹಿಡಿದಿದ್ದೇ ಅವರಲ್ವಾ? 1943ರಿಂದ ದೋಸೆ ಹಾಕ್ತಿರೋ ವಿದ್ಯಾರ್ಥಿ ಭವನದ ಮುಂದೆ ಅವರನ್ನ ನಿಲ್ಲಿಸಿದೆ. "ನಂದ್ಯಾಕೋ, ಫಿಲ್ಮ್ ವೇಸ್ಟು" ಅಂತಾನೇ ಕಾಲರ್ ಸರಿಮಾಡ್ಕೊಂಡ್ರು.

ಲಿವರ್ ಎಳೆದೆ. ನಾಬ್ ತಿರುಗಿತು. ಕ್ಲಿಕ್.

ನಿಮ್ಮನೆ ಅಟ್ಟದಲ್ಲೂ ಇಂಥದ್ದೊಂದು ಕ್ಯಾಮೆರಾ ಇದ್ರೆ, ಈ ಭಾನುವಾರ ಕೆಳಗಿಳಿಸಿ ನೋಡಿ.