67 ಡಿಗ್ರಿಯ ಒಂದು ಗಂಟೆ

ನೀರು 74 ಡಿಗ್ರಿಗೆ ಬಂದಿದೆ. ಕುದಿ ಹತ್ತಿಲ್ಲ, ಆದರೆ ಬಗ್ಗಿ ನೋಡಿದರೆ ಹಬೆ ಕೆನ್ನೆಗೆ ಬಡಿಯುತ್ತದೆ. ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿನಲ್ಲಿ ಅಕ್ಟೋಬರ್ ತಿಂಗಳ ಬೆಳಗು. ಮಳೆ ಈಗಷ್ಟೇ ನಿಂತಿದೆ. ಗ್ಯಾರೇಜಿನ ಬಾಗಿಲನ್ನು ಪೂರ್ತಿ ಎತ್ತಿದ್ದೀರಿ. ಗ್ಯಾಸ್ ಒಲೆಯನ್ನು ಹೊರಗೆ, ಒದ್ದೆ ಸಿಮೆಂಟಿನ ಮೇಲೆ ಇಟ್ಟಿದ್ದೀರಿ. ಮುಚ್ಚಿದ ಜಾಗದಲ್ಲಿ ಇಷ್ಟು ದೊಡ್ಡ ಉರಿ ಹೊತ್ತಿಸಿದರೆ ಕಾರ್ಬನ್ ಮಾನಾಕ್ಸೈಡ್ ಸೇರಿಕೊಳ್ಳುತ್ತದೆ. ಅದಕ್ಕೆ ವಾಸನೆಯಿಲ್ಲ, ಮುನ್ಸೂಚನೆಯೂ ಇಲ್ಲ.

ಪಕ್ಕದ ಚೀಲದಲ್ಲಿ 5 ಕಿಲೋ ಬಾರ್ಲಿ ಮಾಲ್ಟ್ ಇದೆ, ಗಿರಣಿಯಲ್ಲಿ ತರಿತರಿಯಾಗಿ ಒಡೆಸಿದ್ದು. ಇಲ್ಲಿಯವರೆಗೆ ನೀವು ಮನೆಯಲ್ಲಿ ಮಾಡಿದ ಬಿಯರೆಲ್ಲ ಡಬ್ಬಿಯ ಪಾಕದಿಂದ. ಕಾಳಿನ ಸಕ್ಕರೆಯನ್ನು ಯಾವುದೋ ಕಾರ್ಖಾನೆ ಮೊದಲೇ ತೆಗೆದು, ಇಂಗಿಸಿ, ಡಬ್ಬಿಗೆ ತುಂಬಿರುತ್ತಿತ್ತು. ನಿಮ್ಮ ಪಾಲಿಗೆ ಉಳಿದದ್ದು ಕುದಿಸುವ ಕೆಲಸ. ಇಂದು ಆ ಡಬ್ಬಿಯಿಲ್ಲ. ಕಾಳಿನೊಳಗಿರುವುದು ಪಿಷ್ಟ, ಪಿಷ್ಟವನ್ನು ಯೀಸ್ಟ್ ಮುಟ್ಟುವುದಿಲ್ಲ. ಅದನ್ನು ಸಕ್ಕರೆಯಾಗಿಸುವ ಹೊಣೆ ಇನ್ನು ನಿಮ್ಮದೇ.

15 ಲೀಟರ್ ಬಿಸಿನೀರನ್ನು ದಪ್ಪ ಗೋಡೆಯ ಕೂಲರ್ ಡಬ್ಬಕ್ಕೆ ಸುರಿಯುತ್ತೀರಿ. ಚೀಲ ಎತ್ತಿ ಕಾಳು ಬಗ್ಗಿಸುತ್ತೀರಿ. ಬಿಳಿ ಧೂಳು ಎದ್ದು ಮೂಗಿಗೆ ನುಗ್ಗುತ್ತದೆ. ಅದರ ಹಿಂದೆಯೇ ಆ ವಾಸನೆ, ಬೆಚ್ಚಗೆ, ಸಿಹಿಯಾಗಿ. ಮಂಡ್ಯದಿಂದ ಬಂದಿರುವ ಅಮ್ಮ ಸ್ವೆಟರಿನ ಮೇಲೆ ಶಾಲು ಹೊದ್ದು ಬಾಗಿಲಿಗೆ ಬಂದು ನಿಲ್ಲುತ್ತಾರೆ.

"ಇದೇನ್ ಮಗಾ, ರಾಗಿ ಹುರ್ದಂಗೆ ವಾಸ್ನೆ ಬತ್ತಾ ಅದೆ?"

ಅವರ ಮೂಗು ಸುಳ್ಳು ಹೇಳುತ್ತಿಲ್ಲ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ ಹುರಿಯುತ್ತಾರಲ್ಲ, ಬಾರ್ಲಿಗೆ ಮಾಡಿರುವುದೂ ಅದನ್ನೇ. ಮೊಳೆಯುವಾಗ ಕಾಳು ತನ್ನ ಪಿಷ್ಟವನ್ನು ಕರಗಿಸಿಕೊಳ್ಳಲು ಕಿಣ್ವಗಳನ್ನು ಸಿದ್ಧಮಾಡಿಕೊಳ್ಳುತ್ತದೆ. ಒಣಗಿಸಿದಾಗ ಆ ಕೆಲಸ ಅರ್ಧಕ್ಕೆ ನಿಂತಿದೆ. ಈ ಬಿಸಿನೀರಿನಲ್ಲಿ ಅದು ಮತ್ತೆ ಶುರುವಾಗಬೇಕು.

ಮರದ ಹುಟ್ಟು ಹಿಡಿದು ತಿರುವುತ್ತೀರಿ. ಭಾರ. ರಟ್ಟೆ ಸೆಳೆಯುತ್ತದೆ, ಬೆನ್ನು ಬಗ್ಗಿಯೇ ಇದೆ. ಅಮ್ಮ ಡಬ್ಬದೊಳಗೆ ಇಣುಕಿ, "ಅಗಾ, ಆ ಮೂಲೇಲಿ ಗಂಟು ಉಳ್ಕಂಡದೆ, ಒಡಿ," ಅನ್ನುತ್ತಾರೆ. ಮುದ್ದೆ ತಿರುವಿದ ಕಣ್ಣು ಅದು. ಗಂಟಿನೊಳಗಿನ ಹಿಟ್ಟು ಒಣಗಿಯೇ ಉಳಿದರೆ ಅದರ ಪಿಷ್ಟ ನಷ್ಟವೇ. ಗಂಟನ್ನು ಡಬ್ಬದ ಗೋಡೆಗೆ ಒತ್ತಿ ಒಡೆಯುತ್ತೀರಿ.

ಥರ್ಮಾಮೀಟರ್ ಇಳಿಬಿಡುತ್ತೀರಿ. 71. ಎದೆ ಧಸಕ್ಕೆನ್ನುತ್ತದೆ. ಇನ್ನೊಂದು ಮೂಲೆಯಲ್ಲಿ 62. ಯಾವುದನ್ನು ನಂಬಬೇಕು? ಯಾವುದನ್ನೂ ಬೇಡ. ತಿರುವಿ. ತಳದಿಂದ ಮೇಲಕ್ಕೆ, ಅಂಚಿನಿಂದ ನಡುವಿಗೆ. ಈಗ ನೋಡಿ: 64. ಅಲ್ಲಿ 64. ಇಲ್ಲಿಯೂ 64.

ನಿಮಗೆ ಬೇಕಾದದ್ದು 67. ಮೂರೇ ಡಿಗ್ರಿ. ಬಿಟ್ಟುಬಿಡಲೇ ಎಂದು ಕೈ ಹಿಂಜರಿಯುತ್ತದೆ. ಕಾಳಿನಲ್ಲಿ ಎರಡು ಬಗೆಯ ಅಮೈಲೇಸ್ ಕಿಣ್ವಗಳಿವೆ. ಬೀಟಾ ತಂಪು ಕಡೆಯದು. 60ರಿಂದ 65 ಡಿಗ್ರಿಯಲ್ಲಿ ಚುರುಕಾಗಿ, ಯೀಸ್ಟ್ ಪೂರ್ತಿ ತಿಂದು ಮುಗಿಸುವ ಸಣ್ಣ ಸಕ್ಕರೆ ಕೊಡುತ್ತದೆ. ಬಿಯರು ತೆಳ್ಳಗೆ, ಒಣಗಿದಂತೆ ಆಗುತ್ತದೆ. ಆಲ್ಫಾ ಇನ್ನೂ ಬಿಸಿಯಲ್ಲಿ, 70ರ ಆಸುಪಾಸಿನಲ್ಲಿ ಚೆನ್ನಾಗಿ ದುಡಿಯುತ್ತದೆ. ಅದು ಬಿಟ್ಟುಹೋದ ದೊಡ್ಡ ತುಂಡುಗಳನ್ನು ಯೀಸ್ಟ್ ಜೀರ್ಣಿಸಲಾರದು; ನಾಲಿಗೆಯ ಮೇಲೆ ಬಿಯರಿಗೆ ಮೈ ಕೊಡುವುದು ಅವೇ. 67ರಲ್ಲಿ ಎರಡೂ ದುಡಿಯುತ್ತವೆ. ಕೆಲವು ವಾರ ಕಳೆದ ಮೇಲೆ ಲೋಟದಲ್ಲಿ ಏನು ಸಿಗಬೇಕು ಎಂಬುದನ್ನು ನೀವು ತೀರ್ಮಾನಿಸುತ್ತಿರುವುದು ಈ ಕ್ಷಣದಲ್ಲೇ. ಕೆಟಲಿನಲ್ಲಿ ನೀರು ಕುದಿಯುತ್ತಿದೆ. ಅರ್ಧ ಲೀಟರ್ ಸುರಿದು ತಿರುವುತ್ತೀರಿ: 65. ಇನ್ನರ್ಧ: 66. ಇನ್ನೂ ಅರ್ಧ. ಉಸಿರು ಹಿಡಿದು ನೋಡುತ್ತೀರಿ.

67.

ಮುಚ್ಚಳ ಹಾಕಿ, ಮೇಲೆ ಹಳೆಯ ಕಂಬಳಿ ಹೊದಿಸುತ್ತೀರಿ. ಇನ್ನು ಒಂದು ಗಂಟೆ ನಿಮ್ಮ ಕೈಯಲ್ಲೇನೂ ಇಲ್ಲ.

"ಪೊಲೀಸ್ನೋರು ಬರಾಕಿಲ್ವಾ ಮಗಾ?" ಅಮ್ಮನ ದನಿ ತಗ್ಗಿದೆ. ಆ ಭಯಕ್ಕೆ ಬುಡವಿದೆ. ಕರ್ನಾಟಕದಲ್ಲಿ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು 1965ರ ಅಬಕಾರಿ ಕಾಯ್ದೆಯಡಿ ಅಪರಾಧ, ಸ್ವಂತಕ್ಕಾದರೂ ಅಷ್ಟೇ. ಇಲ್ಲಿ 1978ರ ಅಕ್ಟೋಬರಿನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಮಸೂದೆಯಿಂದ ಮನೆಬಳಕೆಯ ಬಿಯರಿನ ಮೇಲಿನ ಕೇಂದ್ರ ತೆರಿಗೆ ಹೋಯಿತು. ಇಬ್ಬರು ವಯಸ್ಕರಿರುವ ಮನೆ ವರ್ಷಕ್ಕೆ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್ ಮಾಡಿಕೊಳ್ಳಬಹುದು. ಮಾರುವಂತಿಲ್ಲ. ಅಮ್ಮ ತಲೆದೂಗಿ ಕುರ್ಚಿ ಎಳೆದುಕೊಳ್ಳುತ್ತಾರೆ.

ಗಂಟೆ ಮುಗಿದಾಗ ಒಂದು ಚಮಚ ರಸವನ್ನು ಬಿಳಿ ತಟ್ಟೆಗೆ ಹಾಕಿ, ಅಯೋಡಿನ್ನಿನ ಒಂದು ಹನಿ ಬಿಡುತ್ತೀರಿ. ಶಾಲೆಯಲ್ಲಿ ಆಲೂಗಡ್ಡೆಯ ಮೇಲೆ ಬಿಟ್ಟ ಅದೇ ಅಯೋಡಿನ್. ಕಡುನೀಲಿಯಾದರೆ ಪಿಷ್ಟ ಇನ್ನೂ ಉಳಿದಿದೆ. ಹನಿ ಹರಡುತ್ತದೆ. ಕಂದು. ಕಂದಾಗಿಯೇ ಉಳಿಯುತ್ತದೆ. ಅಮ್ಮ ಚಮಚದ ಉಳಿದ ರಸವನ್ನು ಬೆರಳಿಗೆ ಹಚ್ಚಿ ನಾಲಿಗೆಗಿಡುತ್ತಾರೆ. "ಸಕ್ರೆ ಹಾಕಿದ್ದೀಯಾ?" ಹಾಕಿಲ್ಲ. ಅದನ್ನು ಹೇಳುವಾಗ ನಿಮ್ಮ ಗಂಟಲು ತುಸು ಕಟ್ಟುತ್ತದೆ.

ಡಬ್ಬದ ನಲ್ಲಿ ತಿರುಗಿಸಿದರೆ ಮೊದಲು ಬರುವುದು ಕಲಗಚ್ಚು. ಅದನ್ನು ಜಗ್ಗಿನಲ್ಲಿ ಹಿಡಿದು ಮೆಲ್ಲಗೆ ಕಾಳಿನ ಮೇಲೆಯೇ ಸುರಿಯುತ್ತೀರಿ. ಹೊಟ್ಟಿನ ಪದರವೇ ಜರಡಿಯಾಗಿ, ರಸ ತಿಳಿಯಾಗುತ್ತ ಹೊಂಬಣ್ಣಕ್ಕೆ ತಿರುಗುತ್ತದೆ. ಉಳಿದ ಸಕ್ಕರೆಯನ್ನು ತೊಳೆಯಲು ಇನ್ನೊಂದು 15 ಲೀಟರ್ ನೀರು, 76 ಡಿಗ್ರಿ. ಅದಕ್ಕಿಂತ ಬಿಸಿಯಾದರೆ ಹೊಟ್ಟು ಒಗರು ಬಿಡುತ್ತದೆ. ಅವಸರ ಬೇಡ.

ಈಗ ರಸದ ಪಾತ್ರೆ ಒಲೆಯ ಮೇಲಿದೆ. ಮುಚ್ಚಳ ಹಾಕಬೇಡಿ, ಬೇಯಿಸಿದ ಮುಸುಕಿನ ಜೋಳದ ವಾಸನೆ ಕೊಡುವ ಗಂಧಕದ ಅಂಶ ಹಬೆಯೊಂದಿಗೆ ಹೊರಗೆ ಹೋಗಬೇಕು. ಒಂದು ಗುಳ್ಳೆ ಏಳುತ್ತದೆ. ಹತ್ತು. ನೊರೆ ಕಂದು ಕೆನೆಯಾಗಿ ಒತ್ತೊತ್ತಾಗಿ ಕೂಡುತ್ತದೆ. ನೀವು ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂಗಳನ್ನು ತೂಗಲು ತಿರುಗಿದ್ದೀರಿ. ಬೆನ್ನ ಹಿಂದೆ ಚುರ್ ಎಂಬ ಸದ್ದು. "ಉಕ್ತು! ಉಕ್ತು ಮಗಾ!" ನೊರೆ ಅಂಚಿಗೆ ಬಂದಿದೆ. ಉರಿ ತಗ್ಗಿಸಿ. ಕೈ ನಡುಗುತ್ತದೆ, ಗ್ಯಾಸಿನ ಗುಂಡಿ ಜಾರುತ್ತದೆ. ತಿರುಗಿತು. ಒಂದು ಬೊಗಸೆ ತಣ್ಣೀರು ಚಿಮುಕಿಸಿ. ಇನ್ನೊಂದು. ನೊರೆ ನಿಲ್ಲುತ್ತದೆ, ನಡುಗುತ್ತದೆ, ಕುಸಿಯುತ್ತದೆ.

ಹಾಪ್ಸ್ ಬೀಳುತ್ತಲೇ ಗಾಳಿ ಬದಲಾಗುತ್ತದೆ. ಇದು ಕ್ಯಾಸ್ಕೇಡ್ ತಳಿ. ಇಲ್ಲಿಂದ ಒಂದೂವರೆ ಗಂಟೆ ದಾರಿಯ ಕೋರ್ವಾಲಿಸಿನಲ್ಲಿ ಬೆಳೆಸಿ 1972ರಲ್ಲಿ ರೈತರಿಗೆ ಬಿಟ್ಟದ್ದು. ಮೊದಲ ಹಿಡಿ ಕಹಿಗೆ, ಗಂಟೆಯುದ್ದ ಕುದಿಯಲು. ಕೊನೆಯ ಹಿಡಿ ಪರಿಮಳಕ್ಕೆ, ಉರಿ ಆರಿಸುವ ಹೊತ್ತಿಗೆ. ಚಕ್ಕೋತದ ಸಿಪ್ಪೆಯನ್ನು ಉಗುರಿನಿಂದ ಗೀರಿದಾಗಿನ ಘಮ ಗ್ಯಾರೇಜು ತುಂಬುತ್ತದೆ.

ಒಲೆ ಆರಿದ ಮೇಲೆ ಬರುವುದು ಬೇರೆಯೇ ಭಯ. ಕುದಿಯುವಾಗ ಯಾವ ಸೂಕ್ಷ್ಮಜೀವಿಗೂ ಉಳಿಗಾಲವಿರಲಿಲ್ಲ. ತಣಿಯುತ್ತಿರುವ ಈ ಸಿಹಿ ರಸ ಎಲ್ಲಕ್ಕೂ ತೆರೆದಿಟ್ಟ ಅನ್ನ. ತಾಮ್ರದ ಸುರುಳಿಯೊಳಗೆ ತಣ್ಣೀರು ಹರಿಸುತ್ತೀರಿ. 90, 60, 35. ಈಗ ಕೆಮ್ಮು ಬಂದರೂ ಮುಖ ತಿರುಗಿಸಿ. ರಸ ಸೋಕುವ ಪ್ರತಿಯೊಂದನ್ನೂ, ಕೊಳವೆ, ಮುಚ್ಚಳ, ನಿಮ್ಮ ಬೆರಳು ಸಹಿತ, ಸೋಂಕುನಿವಾರಕದಲ್ಲಿ ಅದ್ದಿ. 20 ಡಿಗ್ರಿಗೆ ಇಳಿದಾಗ ರಸದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ತೇಲಿಬಿಡುತ್ತೀರಿ: 1.050. ನೀರಿಗಿಂತ ಹೆಚ್ಚಿರುವ ಆ 50 ಅಂಕಗಳಷ್ಟೂ ಡಬ್ಬದ ಕಂಬಳಿಯಡಿ ಕಾಳಿನಿಂದಲೇ ಹುಟ್ಟಿದವು. ಡಬ್ಬಿಯ ಪಾಕ ಎಷ್ಟೇ ಚೆನ್ನಾಗಿದ್ದರೂ ಈ ಅಂಕಗಳನ್ನು ನಿಮ್ಮದೆನ್ನಲು ಬಿಡುತ್ತಿರಲಿಲ್ಲ.

ಹುದುಗು ಪಾತ್ರೆಗೆ ಎತ್ತರದಿಂದ ಸುರಿಯಿರಿ, ಯೀಸ್ಟಿಗೆ ಮೊದಲು ಗಾಳಿ ಬೇಕು. ಪೊಟ್ಟಣ ಹರಿದು ಯೀಸ್ಟ್ ಉದುರಿಸಿ, ಗಾಳಿ ಹೊರಹೋಗುವ ಏರ್‌ಲಾಕ್ ಸಿಕ್ಕಿಸಿ, ಕತ್ತಲ ಮೂಲೆಯಲ್ಲಿಡಿ.

ಇನ್ನು ಎರಡು ವಾರ ಮುಚ್ಚಳ ತೆಗೆಯಬೇಡಿ, ಎಷ್ಟೇ ಆಸೆಯಾದರೂ. ಆಮೇಲೂ ಕೂಡಲೇ ಬಾಟಲಿಗೆ ತುಂಬಬೇಡಿ. ಮೂರು ದಿನದ ಅಂತರದಲ್ಲಿ ಎರಡು ಸಲ ಹೈಡ್ರೋಮೀಟರ್ ನೋಡಿ. ಎರಡೂ ಸಲ ಒಂದೇ ಅಂಕೆ ತೋರಿದರೆ ಮಾತ್ರ ತುಂಬಿ; ಹುದುಗು ಮುಗಿಯದ ಬಿಯರನ್ನು ಮುಚ್ಚಿಟ್ಟರೆ ಗಾಜು ಸಿಡಿಯಬಹುದು.