ದಿನಕ್ಕೊಂದು ಪಾರ್ಟ್

ದೇವದುರ್ಗದ ನಮ್ಮ ಚಿಕ್ಕಪ್ಪನ ಮಗ ರಾಯಚೂರಿನಲ್ಲಿ ರೂಮ್ ಮಾಡಿಕೊಂಡು ಡಿಪ್ಲೊಮಾ ಓದುತ್ತಿದ್ದಾನೆ. ನಿನ್ನೆ ಫೋನ್ ಮಾಡಿ, ‘ಅಣ್ಣಾ, ಕ್ಯಾಡ್ ವಿಡಿಯೊ ಎಷ್ಟು ನೋಡಿದ್ರೂ ತಲಿಗೆ ಹತ್ತವಲ್ದು’ ಅಂದ. ‘ನೋಡೋದು ಬಿಡು, ದಿನಾ ಒಂದು ಪಾರ್ಟ್ ಮಾಡು’ ಅಂದೆ.

ಫೋನಿನಲ್ಲೇ ಒಂದು ಅಭ್ಯಾಸ ಕೊಟ್ಟೆ. 100 ಮಿ.ಮೀ. ಉದ್ದ, 60 ಅಗಲ, 10 ದಪ್ಪದ ಉಕ್ಕಿನ ಪ್ಲೇಟು. ನಟ್ಟನಡುವೆ ಆರಪಾರ 20 ಮಿ.ಮೀ. ವ್ಯಾಸದ ತೂತು. ಕಂಪ್ಯೂಟರಿನಲ್ಲಿ ಇಂಥ ಪಾರ್ಟ್ ಬಿಡಿಸುವ ಫ್ರೀಕ್ಯಾಡ್ ಸಾಫ್ಟ್‌ವೇರ್ ದುಡ್ಡಿಲ್ಲದೆ ಸಿಗುತ್ತದೆ. ಅದರಲ್ಲಿ ಸ್ಕೆಚ್‌ಗೆ ಬೇಕಾದ ಅಳತೆಗಳೆಲ್ಲ ಕೂತಾಗ ಗೆರೆಗಳು ಹಸಿರಾಗುತ್ತವೆ. ಉಕ್ಕಿನ ಸಾಂದ್ರತೆ ಘನ ಸೆಂ.ಮೀ.ಗೆ 7.85 ಗ್ರಾಂ ಅಂತ ಹಿಡಿದರೆ ತೂಕ ಸುಮಾರು 446 ಗ್ರಾಂ ಬರಬೇಕು.

ಅರ್ಧ ಗಂಟೆ ಬಿಟ್ಟು, ‘ಅಣ್ಣಾ, 471 ಬಂತು’ ಅಂದ. ವೃತ್ತ ಬರೆದಿದ್ದ, ತೂತು ತೆಗೆಯುವುದು ಮರೆತಿದ್ದ. ತಪ್ಪನ್ನು ನಾನು ಹೇಳಲಿಲ್ಲ. ಆ 25 ಗ್ರಾಂ ಹೆಚ್ಚಿನ ತೂಕವೇ ಅವನಿಗೆ ಹೇಳಿತು. ಅಭ್ಯಾಸದ ಬೆಲೆ ಇರುವುದು ಇಲ್ಲೇ.

ಇಂಥ ಹತ್ತು ಪಾರ್ಟ್ ಆದ ಮೇಲೆ ಪುಸ್ತಕ ಮುಚ್ಚಿ, ವರ್ನಿಯರ್ ಹಿಡಿದು ಹೊರಗೆ ಹೋಗಬೇಕು. ಮಾನ್ವಿಯ ಅಕ್ಕಿ ಗಿರಣಿಯಲ್ಲಿ ಸವೆದು ಬಿಚ್ಚಿಟ್ಟ ಪುಲ್ಲಿ ಇರುತ್ತದೆ. ಅದನ್ನು ಅಳೆದು, ಅರ್ಧ ಅಡ್ಡಕೊಯ್ತ ಮಾತ್ರ ಬರೆದು, ಅಕ್ಷದ ಸುತ್ತ ತಿರುಗಿಸಿದರೆ ಇಡೀ ಪುಲ್ಲಿ ಎದ್ದು ನಿಲ್ಲುತ್ತದೆ. ಮುಂದಿನದು ಮನೆಯ ಕೂರಿಗೆ.

ಹುಡುಗರೇ, ಹುಡುಗಿಯರೇ, ಸರ್ಟಿಫಿಕೇಟಿಗೆ ಕಾಯಬೇಡಿ. ಇವತ್ತೇ ಒಂದು ಪಾರ್ಟ್ ಮಾಡಿ.