ವಿಮಾನ ಈಗ ಯಾವ ಗೇರ್‌ನಲ್ಲಿದೆ?

ಮದುವೆ ಮನೆಯ ಊಟದ ಪಂಕ್ತಿಯಲ್ಲಿ ವಿಮಾನದ ಮಾತು ಬಂದರೆ ಒಬ್ಬರಾದರೂ ಈ ಡೈಲಾಗ್ ಹೇಳೇ ಹೇಳ್ತಾರೆ: ‘ಈಗೆಲ್ಲ ಪೈಲಟ್‌ಗೇನ್ರೀ ಕೆಲಸ? ಬಟನ್ ಒತ್ತಿದ್ರೆ ಅದೇ ಹೋಗುತ್ತೆ, ಅದೇ ಇಳಿಯುತ್ತೆ.’

ಈ ಮಾತಿನಲ್ಲಿ ಅರ್ಧ ನಿಜವಿದೆ. ಉಳಿದರ್ಧ ಏನು ಅಂತ ತಿಳಿಯೋಕೆ ನನಗೆ ಒಂದೂವರೆ ವರ್ಷ ಬೇಕಾಯಿತು. ಅದೂ ಮನೆಯ ಕಂಪ್ಯೂಟರ್ ಮುಂದೆ ಕೂತು, ರಾತ್ರಿ ಊಟವಾದ ಮೇಲೆ ಸಿಗುವ ಒಂದೊಂದು ಗಂಟೆಯಲ್ಲಿ.

ನನ್ನ ಬಳಿ ಇರುವುದು ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್, 2020ರಲ್ಲಿ ಬಂದದ್ದು. ಅದರೊಳಗೆ ಹಾರಿಸುವುದು ಏರ್‌ಬಸ್ ಎ320. ಫ್ಲೈಬೈವೈರ್ ಎಂಬ ಸ್ವಯಂಸೇವಕರ ತಂಡ ಈ ವಿಮಾನದ ಒಳಗಿನ ವ್ಯವಸ್ಥೆಗಳನ್ನು ಒಂದೊಂದಾಗಿ ಕೋಡ್ ಮಾಡಿ ಉಚಿತವಾಗಿ ಕೊಟ್ಟಿದೆ. ಓಪನ್ ಸೋರ್ಸ್ ಅಂದಮೇಲೆ ನಮ್ಮಂಥವರ ಕೈ ಸುಮ್ಮನಿರುತ್ತಾ? ಮೊದಲು ಕೋಡ್ ನೋಡಲು ಹೋದೆ, ಆಮೇಲೆ ಕಾಕ್‌ಪಿಟ್‌ನಲ್ಲೇ ಉಳಿದೆ.

ಆಟೋಪೈಲಟ್ ಹೊಸ ಸಂಗತಿಯೇನಲ್ಲ. 1914ರಲ್ಲೇ ಪ್ಯಾರಿಸ್ ಬಳಿ, ಸೀನ್ ನದಿಯ ಮೇಲೆ, ಲಾರೆನ್ಸ್ ಸ್ಪೆರಿ ಎಂಬ ಅಮೆರಿಕದ ಯುವಕ ಎರಡೂ ಕೈ ಮೇಲೆತ್ತಿ ವಿಮಾನ ತಾನೇ ನೆಟ್ಟಗೆ ಹಾರುವುದನ್ನು ತೋರಿಸಿದ್ದ. ಅವನ ಮೆಕ್ಯಾನಿಕ್ ರೆಕ್ಕೆಯ ಮೇಲೆ ನಡೆದು ಹೋದರೂ ಗೈರೋಸ್ಕೋಪ್ ವಿಮಾನವನ್ನು ವಾಲಲು ಬಿಡಲಿಲ್ಲ. ಅಂದಿನ ಆಟೋಪೈಲಟ್‌ಗೆ ಗೊತ್ತಿದ್ದದ್ದು ಅಷ್ಟೇ: ವಾಲಬೇಡ. ಇಂದಿನದಕ್ಕೆ ಬಹಳ ಗೊತ್ತು. ತೊಡಕು ಶುರುವಾಗುವುದೂ ಅಲ್ಲೇ.

ಎರಡು ಸೀಟುಗಳ ನಡುವೆ ಹಳೇ ಕ್ಯಾಲ್ಕುಲೇಟರ್‌ನ ಅಣ್ಣನಂಥ ಒಂದು ಪೆಟ್ಟಿಗೆ ಇರುತ್ತದೆ. ಎಂಸಿಡಿಯು ಅಂತ ಹೆಸರು. ಫ್ಲೈಟ್ ಮ್ಯಾನೇಜ್‌ಮೆಂಟ್ ಸಿಸ್ಟಮ್ ಜೊತೆ ನಾವು ಮಾತಾಡುವುದು ಇದರ ಮೂಲಕ. ಕೀಗಳು ನಮ್ಮ ಕೀಬೋರ್ಡ್‌ನಂತಲ್ಲ, ಎ-ಬಿ-ಸಿ-ಡಿ ಅನುಕ್ರಮದಲ್ಲೇ ಇವೆ. ಮೊದಲು ಕೆಳಗಿನ ಸಾಲಿನಲ್ಲಿ ಟೈಪ್ ಮಾಡಬೇಕು, ಆಮೇಲೆ ಪಕ್ಕದ ಬಟನ್ ಒತ್ತಿ ಅದನ್ನು ಮೇಲಿನ ಜಾಗಕ್ಕೆ ಕಳಿಸಬೇಕು. ಬೆಂಗಳೂರಿಗೆ ವಿ-ಒ-ಬಿ-ಎಲ್, ಮಂಗಳೂರಿಗೆ ವಿ-ಒ-ಎಂ-ಎಲ್. ಆಮೇಲೆ ರನ್‌ವೇ, ಹೊರಡುವ ದಾರಿ, ಇಳಿಯುವ ದಾರಿ, ವಿಮಾನದ ತೂಕ, ಇಂಧನ, ಹಾರುವ ಎತ್ತರ. ಇದರೊಳಗಿನ ನಕ್ಷೆಯ ಡೇಟಾಬೇಸ್ ಪ್ರತಿ 28 ದಿನಕ್ಕೊಮ್ಮೆ ಹೊಸದಾಗುತ್ತದೆ. ಎರಡು ವಾರದ ಸ್ಪ್ರಿಂಟ್‌ನಲ್ಲಿ ಬೇಯುವ ನಮಗೆ ಈ ಶಿಸ್ತು ಚೆನ್ನಾಗಿ ಅರ್ಥವಾಗುತ್ತದೆ.

ಈ ಪೆಟ್ಟಿಗೆ ಹೇಳಿದ್ದನ್ನು ಕೇಳುತ್ತದೆ. ನೀವು ಹೇಳಬೇಕೆಂದುಕೊಂಡದ್ದನ್ನಲ್ಲ, ಹೇಳಿದ್ದನ್ನು. 1995ರ ಡಿಸೆಂಬರ್‌ನಲ್ಲಿ ಕೊಲಂಬಿಯಾದ ಕಾಲಿ ನಗರಕ್ಕೆ ಇಳಿಯುತ್ತಿದ್ದ ಬೋಯಿಂಗ್ 757ರ ಕಾಕ್‌ಪಿಟ್‌ನಲ್ಲಿ ಒಂದು ರೇಡಿಯೋ ಬೀಕನ್‌ಗಾಗಿ ‘ಆರ್’ ಅಕ್ಷರ ಒತ್ತಿದರು. ಅವರಿಗೆ ಬೇಕಿದ್ದದ್ದು ಹತ್ತಿರದ ರೋಸೋ. ಕಂಪ್ಯೂಟರ್ ಪಟ್ಟಿಯಲ್ಲಿ ಮೊದಲು ಕೊಟ್ಟದ್ದು ದೂರದ ಬೊಗೋಟಾ ಬಳಿಯ ರೋಮಿಯೋ. ವಿಮಾನ ವಿಧೇಯವಾಗಿ ಆ ಕಡೆ ತಿರುಗಿತು. ರಾತ್ರಿ, ಕಣಿವೆ, ಸುತ್ತ ಬೆಟ್ಟ. 159 ಜನ ತೀರಿಕೊಂಡರು.

ಎದುರಿನ ಗಾಜಿನ ಕೆಳಗೆ ಇನ್ನೊಂದು ಪಟ್ಟಿ ಇದೆ, ಎಫ್‌ಸಿಯು. ಅದರಲ್ಲಿ ನಾಲ್ಕು ಗುಬುಟುಗಳು: ವೇಗ, ದಿಕ್ಕು, ಎತ್ತರ, ಇಳಿಯುವ ಅಥವಾ ಏರುವ ದರ. ಏರ್‌ಬಸ್‌ನ ಒಂದು ಜಾಣತನ ನನಗೆ ಬಹಳ ಹಿಡಿಸಿತು. ಗುಬುಟನ್ನು ಒಳಗೆ ಒತ್ತಿದರೆ ‘ನೀನೇ ನೋಡ್ಕೋ’ ಅಂತ ಕಂಪ್ಯೂಟರ್‌ಗೆ ಬಿಟ್ಟುಕೊಟ್ಟ ಹಾಗೆ. ಹೊರಗೆ ಎಳೆದರೆ ‘ಬಿಡು, ನಾನು ನೋಡ್ಕೋತೀನಿ’ ಅಂದ ಹಾಗೆ.

ಇಷ್ಟು ಕಲಿತರೆ ವಿಮಾನ ಹಾರುತ್ತದೆ. ಆದರೆ ನಿಜವಾದ ಪಾಠ ಇರುವುದು ಪೈಲಟ್‌ನ ಕಣ್ಣೆದುರಿನ ಪರದೆಯ ನೆತ್ತಿಯಲ್ಲಿ, ಎಫ್‌ಎಂಎ ಎಂಬ ಸಣ್ಣ ಪಟ್ಟಿಯಲ್ಲಿ. ವಿಮಾನ ಈ ಕ್ಷಣ ಯಾವ ಮೋಡ್‌ನಲ್ಲಿದೆ ಅಂತ ಅಲ್ಲಿ ಬರೆದಿರುತ್ತದೆ. ಹಸಿರು ಅಂದರೆ ಈಗ ನಡೆಯುತ್ತಿರುವುದು, ನೀಲಿ ಅಂದರೆ ಮುಂದಿನ ಸರದಿಗೆ ಕಾದಿರುವುದು. ಮೋಡ್ ಬದಲಾದರೆ ಸುತ್ತ ಬಿಳಿ ಚೌಕ 10 ಸೆಕೆಂಡ್ ಕಾಣಿಸಿ ಮಾಯವಾಗುತ್ತದೆ. ನಿಯಮವೇನೆಂದರೆ ಗುಬುಟು ತಿರುಗಿಸಿದ ಮೇಲೆ ಗುಬುಟನ್ನು ನಂಬಬೇಡ, ಈ ಪಟ್ಟಿಯನ್ನು ಓದು. ಅದೂ ಜೋರಾಗಿ, ಪಕ್ಕದವರಿಗೆ ಕೇಳುವಂತೆ.

ನಾನೂ ಹಾಗೇ ಮಾಡುತ್ತೇನೆ. ರಾತ್ರಿ ಹನ್ನೊಂದಕ್ಕೆ ಒಬ್ಬನೇ ಕೂತು ‘ಥ್ರಸ್ಟ್ ಐಡಲ್, ಓಪನ್ ಡಿಸೆಂಟ್’ ಅಂತ ಹೇಳುವುದನ್ನು ಕೇಳಿ ಅಮ್ಮ ಬಾಗಿಲ ಬಳಿ ಬಂದು ‘ಯಾರ ಜೊತೆ ಮಾತಾಡ್ತಿದೀಯೋ?’ ಅಂತ ಇಣುಕಿ ಹೋಗುತ್ತಾರೆ.

ಅಪ್ಪ ಹಾಗಲ್ಲ, ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಅಪ್ಪ ಕೆಎಸ್‌ಆರ್‌ಟಿಸಿಯಲ್ಲಿ ಚಾಲಕರಾಗಿದ್ದವರು. ಬೆಂಗಳೂರು-ಮಂಗಳೂರು ರಾತ್ರಿ ಬಸ್ಸು ಎಷ್ಟು ವರ್ಷ ಓಡಿಸಿದರೋ ಲೆಕ್ಕವಿಲ್ಲ. ಶಿರಾಡಿ ಘಾಟಿಯ ಒಂದೊಂದು ತಿರುವೂ ಅವರಿಗೆ ನಿದ್ದೆಯಲ್ಲೂ ಗೊತ್ತು. ನಾನು ಅದೇ ದಾರಿಯ ಮೇಲೆ 24,000 ಅಡಿ ಎತ್ತರದಲ್ಲಿ ಹೋಗುವುದು ಅವರಿಗೆ ಮೋಜು.

‘ಇಳಿಸೋಕೆ ಎಲ್ಲಿ ಶುರು ಮಾಡ್ತೀಯ?’ ಅಂತ ಒಂದು ದಿನ ಕೇಳಿದರು. ಪೈಲಟ್‌ಗಳ ಬಾಯಿಲೆಕ್ಕ ಹೇಳಿದೆ: ಎತ್ತರ ಎಷ್ಟು ಸಾವಿರ ಅಡಿಯೋ ಅದಕ್ಕೆ ಮೂರರಿಂದ ಗುಣಿಸು, ಅಷ್ಟು ನಾಟಿಕಲ್ ಮೈಲಿ ಮೊದಲೇ ಶುರು ಮಾಡು. 24 ಮೂರಲೇ 72. ಅಂದರೆ ಸುಮಾರು 133 ಕಿಲೋಮೀಟರ್. ‘ಓ, ಹಾಸನದ ಹತ್ತಿರಾನೇ!’ ಅಂತ ಅಪ್ಪ ನಕ್ಕರು. ಆಮೇಲೆ ಕೇಳಿದ ಪ್ರಶ್ನೆಯೇ ಈ ಬರಹಕ್ಕೆ ಕಾರಣ. ‘ಸರಿ, ಈಗ ಇಳೀತಿದೆಯಲ್ಲ, ಯಾವ ಗೇರ್‌ನಲ್ಲಿದೆ?’

ವಿಮಾನಕ್ಕೆ ಗೇರ್ ಇಲ್ಲ ಅಪ್ಪ ಅನ್ನಲು ಬಾಯಿ ತೆರೆದವನು ಹಾಗೇ ನಿಂತೆ. ಇದೆ! ಇಳಿಯಲು ಹಲವು ಮೋಡ್‌ಗಳಿವೆ. ಎರಡನ್ನು ಮಾತ್ರ ಹೇಳುತ್ತೇನೆ.

ಒಂದು, ವರ್ಟಿಕಲ್ ಸ್ಪೀಡ್. ‘ನಿಮಿಷಕ್ಕೆ ಇಷ್ಟು ಅಡಿ ಇಳಿ. ವೇಗ ಕಾಯೋಕೆ ಎಂಜಿನ್ ಎಷ್ಟು ಬೇಕೋ ಅಷ್ಟು ಕೊಡು’ ಎಂಬ ಆಜ್ಞೆ. ಇನ್ನೊಂದು, ಓಪನ್ ಡಿಸೆಂಟ್. ‘ಎಂಜಿನ್ ಐಡಲ್‌ಗೆ ತಾ. ವೇಗವನ್ನು ಮೂತಿ ಏರಿಸಿ ಇಳಿಸಿ ಕಾಯಿ. ಹೇಳಿದ ಎತ್ತರ ಬರೋ ತನಕ ಇಳೀತಾ ಇರು’ ಎಂಬ ಆಜ್ಞೆ. ಮೇಲಿನಿಂದ ಇಳಿಯುವಾಗ ಎರಡನೆಯದು ಚೊಕ್ಕ, ಇಂಧನವೂ ಉಳಿಯುತ್ತದೆ. ನೆಲದ ಹತ್ತಿರ ಮಾತ್ರ ಅದು ಅಪಾಯ. ಎಂಜಿನ್ ಐಡಲ್‌ನಲ್ಲೇ ಇದ್ದು, ದಾರಿ ತಪ್ಪದಿರಲೆಂದು ನೀವು ಮೂತಿ ಎತ್ತಿದರೆ, ವೇಗ ಸೋರಿ ಹೋಗುತ್ತದೆ. ಜೆಟ್ ಎಂಜಿನ್ ಐಡಲ್‌ನಿಂದ ಪೂರ್ತಿ ಬಲಕ್ಕೆ ಬರಲು ಕೆಲವು ಸೆಕೆಂಡ್ ಬೇಕು. ಆ ಸೆಕೆಂಡ್‌ಗಳು ನೆಲದ ಹತ್ತಿರ ಇರುವುದಿಲ್ಲ.

ಅಪ್ಪ ತಲೆಯಾಡಿಸಿದರು. ‘ಘಾಟಿನಲ್ಲಿ ನ್ಯೂಟ್ರಲ್‌ಗೆ ಹಾಕಿ ಬಿಟ್ಟ ಹಾಗೆ. ಡೀಸೆಲ್ ಉಳೀತದೆ ಅಂತ ಕೆಲವರು ಮಾಡ್ತಿದ್ರು. ಬಸ್ಸು ಬಹಳ ಹಾಯಾಗಿ ಹೋಗುತ್ತೆ ಕಣೋ, ಸದ್ದೇ ಇಲ್ಲ. ತಿರುವು ಬಂದಾಗಲೇ ಗೊತ್ತಾಗೋದು.’

ಅಪ್ಪನ ಈ ಮಾತು ನನ್ನನ್ನು ನೇರ ನನ್ನ ಆಫೀಸಿನ ಕಿಟಕಿಗೆ ಕರೆದೊಯ್ದಿತು. ನಾನು ಕೆಲಸ ಮಾಡುವುದು ಬೆಂಗಳೂರಿನ ಚಲ್ಲಘಟ್ಟದ ಕಡೆ. ಕೆಳಗೆ ಗಾಲ್ಫ್ ಮೈದಾನದ ಹಸಿರು. ಹೊಸಬರು ಬಂದರೆ ಮೊದಲು ಫೋಟೋ ತೆಗೆಯುವುದು ಅಲ್ಲೇ. 1990ರ ಫೆಬ್ರುವರಿ 14ರ ಮಧ್ಯಾಹ್ನ, ಆಕಾಶ ಶುಭ್ರವಾಗಿದ್ದ ಹೊತ್ತಿನಲ್ಲಿ, ಮುಂಬೈಯಿಂದ ಬಂದ ಇಂಡಿಯನ್ ಏರ್‌ಲೈನ್ಸ್ 605 ಅದೇ ಗಾಲ್ಫ್ ಮೈದಾನಕ್ಕೆ ಬಿತ್ತು. ಎಚ್‌ಎಎಲ್ ರನ್‌ವೇ ಇನ್ನೇನು ಸಿಕ್ಕಿತು ಎನ್ನುವಷ್ಟು ಹತ್ತಿರ. ಅದೂ ಎ320. ಸಂಸ್ಥೆಗೆ ಆ ವಿಮಾನ ಬಂದು ಎರಡು ತಿಂಗಳಷ್ಟೇ ಆಗಿತ್ತು. ಒಳಗಿದ್ದ 146 ಜನರಲ್ಲಿ 92 ಮಂದಿ ತೀರಿಕೊಂಡರು.

ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಶಿವಶಂಕರ ಭಟ್ ಅವರ ನೇತೃತ್ವದಲ್ಲಿ ತನಿಖೆ ನಡೆಯಿತು. ವಿಮಾನದಲ್ಲಿ ಏನೂ ಕೆಟ್ಟಿರಲಿಲ್ಲ. ಅದು ಐಡಲ್ ಓಪನ್ ಡಿಸೆಂಟ್ ಮೋಡ್‌ನಲ್ಲಿತ್ತು. ಅದಕ್ಕೆ ಕಾರಣವಾಗಿ ತನಿಖೆಗೆ ಕಂಡ ಸಾಧ್ಯತೆ ಹೀಗಿತ್ತು: ಕೇಳಿದ್ದು ನಿಮಿಷಕ್ಕೆ 700 ಅಡಿ ಇಳಿಯುವ ದರ, ತಿರುಗಿದ್ದು ಪಕ್ಕದ ಎತ್ತರದ ಗುಬುಟು. ಹಾಗಾಗಿ ವಿಮಾನ 700 ಅಡಿ ಎತ್ತರವನ್ನು ಗುರಿಯಾಗಿ ಹಿಡಿಯಿತು.

ಇದನ್ನು ಓದಿದ ರಾತ್ರಿ ನಿದ್ದೆ ಬರಲಿಲ್ಲ. ಎಚ್‌ಎಎಲ್ ರನ್‌ವೇ ಇರುವುದೇ ಸಮುದ್ರಮಟ್ಟದಿಂದ ಸುಮಾರು 2,900 ಅಡಿ ಎತ್ತರದಲ್ಲಿ. 700 ಅಡಿಗೆ ಇಳಿ ಅಂದರೆ ಬೆಂಗಳೂರಿನ ನೆಲದೊಳಕ್ಕೆ ಇಳಿ ಅಂದಂತೆ! ನಿಮಿಷಕ್ಕೆ 700 ಅಡಿ ಅಂದರೆ ದಿನಾ ಎಲ್ಲ ವಿಮಾನಗಳೂ ಇಳಿಯುವ ಸೌಮ್ಯ ದರ. ಅಂಕಿ ಒಂದೇ, ಅರ್ಥ ಬೇರೆ. ಯಂತ್ರಕ್ಕೆ ಅನುಮಾನ ಬರಲಿಲ್ಲ. ವೇಗ ಇರಬೇಕಾದದ್ದಕ್ಕಿಂತ 20 ನಾಟ್‌ಗೂ ಹೆಚ್ಚು ಕುಸಿಯಿತು. ಕೊನೆಯ ಸೆಕೆಂಡ್‌ಗಳಲ್ಲಿ ಕಾಕ್‌ಪಿಟ್‌ನಲ್ಲಿ ಮೋಡ್ ಯಾವುದೆಂದು ಬಾಯಲ್ಲಿ ಬಂತು. ಎಂಜಿನ್‌ಗಳಿಗೆ ಬಲ ತುಂಬಿಕೊಳ್ಳುವಷ್ಟು ಹೊತ್ತು ಉಳಿದಿರಲಿಲ್ಲ.

ಸಿಮ್ಯುಲೇಟರ್‌ನಲ್ಲಿ ಆ ಸ್ಥಿತಿಯನ್ನು ಬೇಕೆಂದೇ ಕಟ್ಟಿ ನೋಡಿದೆ. ಓಪನ್ ಡಿಸೆಂಟ್, ಕೈಯಲ್ಲಿ ಸ್ಟಿಕ್, ರನ್‌ವೇ ಎದುರಿಗೆ. ಹೆದರಿಸಿದ್ದು ಅಲಾರ್ಮ್ ಅಲ್ಲ, ಮೌನ. ಎಲ್ಲವೂ ಸರಿಯಿರುವಂತೆ ಕಾಣುತ್ತದೆ. ವೇಗದ ಪಟ್ಟಿ ಮಾತ್ರ ನಿಧಾನಕ್ಕೆ ಜಾರುತ್ತಿರುತ್ತದೆ. ನೆತ್ತಿಯ ಮೇಲೆ ಹಸಿರು ಅಕ್ಷರದಲ್ಲಿ ಸತ್ಯ ಬರೆದೇ ಇರುತ್ತದೆ. ಅಪ್ಪ ಹೇಳಿದ ಹಾಗೆ, ಬಹಳ ಹಾಯಾಗಿ ಹೋಗುತ್ತೆ.

ಎರಡು ವರ್ಷದ ನಂತರ, 1992ರ ಜನವರಿಯಲ್ಲಿ, ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ಬಳಿ ಮತ್ತೊಂದು ಎ320 ಬೆಟ್ಟಕ್ಕೆ ಬಡಿದು 87 ಜನ ಸತ್ತರು. ಅಲ್ಲೂ ಇಂಥದ್ದೇ ಗೊಂದಲ ಇದ್ದಿರಬೇಕೆಂದು ತನಿಖೆ ಕಂಡಿತು. ಒಂದೇ ಕಿಟಕಿಯಲ್ಲಿ ‘33’ ಅಂತ ಕಂಡರೆ ಒಂದು ಮೋಡ್‌ನಲ್ಲಿ ಅದು 3.3 ಡಿಗ್ರಿ ಇಳಿಜಾರು, ಇನ್ನೊಂದರಲ್ಲಿ ನಿಮಿಷಕ್ಕೆ 3,300 ಅಡಿ. ಆಮೇಲೆ ಏರ್‌ಬಸ್ ಆ ಕಿಟಕಿಯನ್ನೇ ಬದಲಿಸಿತು. ಈಗ ದರವಾದರೆ ನಾಲ್ಕೂ ಅಂಕಿ ಪೂರ್ತಿ ಕಾಣುತ್ತವೆ. ನಾನು ಸಿಮ್ಯುಲೇಟರ್‌ನಲ್ಲಿ ನೋಡುವ ಆ ಎರಡು ಹೆಚ್ಚುವರಿ ಸೊನ್ನೆಗಳ ಹಿಂದೆ ಅಷ್ಟು ಜೀವಗಳ ಬೆಲೆ ಇದೆ. ಯೂಸರ್ ಇಂಟರ್‌ಫೇಸ್ ಅಂತ ನಾವು ಮೀಟಿಂಗ್‌ನಲ್ಲಿ ಹಗುರಾಗಿ ಮಾತಾಡುವುದು ಇದನ್ನೇ.

ಪೈಲಟ್‌ಗಳನ್ನು ಬೈಯುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ಯಂತ್ರ ಜಾಣನಾದಷ್ಟೂ ಅದರ ಮನಸ್ಸಿನಲ್ಲಿ ಏನಿದೆ ಅಂತ ತಿಳಿಯುವುದೇ ಮನುಷ್ಯನ ಮುಖ್ಯ ಕೆಲಸವಾಗುತ್ತದೆ. ಆ ಕೆಲಸ ಹೊರಗಿನವರಿಗೆ ಕಾಣುವುದಿಲ್ಲ. ಪಂಕ್ತಿಯಲ್ಲಿ ಕೂತವರು ‘ಪೈಲಟ್‌ಗೇನ್ರೀ ಕೆಲಸ’ ಅನ್ನುವುದು ಅದಕ್ಕೇ. ಹೊಸ ಕಾಕ್‌ಪಿಟ್‌ಗಳಲ್ಲಿ ಪೈಲಟ್‌ಗಳು ಪದೇಪದೇ ಕೇಳಿಕೊಳ್ಳುವ ಮೂರು ಪ್ರಶ್ನೆಗಳನ್ನು ಅರ್ಲ್ ವೀನರ್ ಎಂಬ ಸಂಶೋಧಕ ಗುರುತಿಸಿದ್ದರು: ಇದೇನು ಮಾಡ್ತಿದೆ? ಯಾಕೆ ಮಾಡ್ತಿದೆ? ಮುಂದೇನು ಮಾಡುತ್ತೆ? ಉತ್ತರ ಸಿಗದಿದ್ದರೆ ಮಾಡಬೇಕಾದದ್ದನ್ನೂ ಪೈಲಟ್‌ಗಳಿಗೆ ಕಲಿಸುತ್ತಾರೆ. ಒಂದು ಮೆಟ್ಟಿಲು ಕೆಳಗಿಳಿ. ಪೆಟ್ಟಿಗೆಯಲ್ಲಿ ಟೈಪ್ ಮಾಡುತ್ತಾ ಕೂರಬೇಡ, ಗುಬುಟು ಹಿಡಿ. ಗುಬುಟಿನಲ್ಲೂ ಗೊಂದಲವಾದರೆ ಸ್ಟಿಕ್ ಹಿಡಿ.

ನಮ್ಮ ಟೀಮಿನಲ್ಲಿ ಈಗ ಅರ್ಧ ಕೋಡನ್ನು ಎಐ ಬರೆಯುತ್ತದೆ, ಸರ್ವರ್‌ಗಳು ತಾವಾಗಿಯೇ ಹೆಚ್ಚುತ್ತವೆ, ಕುಗ್ಗುತ್ತವೆ. ನಮ್ಮ ಕೆಲಸದಲ್ಲಿ ಯಾರೂ ಗಾಲ್ಫ್ ಮೈದಾನಕ್ಕೆ ಬೀಳುವುದಿಲ್ಲ, ನಿಜ. ಆದರೂ ರಿಲೀಸ್ ದಿನ ನಾನು ಈ ಮೂರು ಪ್ರಶ್ನೆಗಳನ್ನು ಜೋರಾಗಿ ಕೇಳುತ್ತೇನೆ. ಹುಡುಗರು ನಗುತ್ತಾರೆ, ಆಮೇಲೆ ಸ್ಕ್ರೀನ್ ನೋಡಿ ಉತ್ತರ ಹೇಳುತ್ತಾರೆ.

ಹೋದ ತಿಂಗಳು ಅಪ್ಪನನ್ನು ಮೊದಲ ಸಲ ನಿಜವಾದ ವಿಮಾನ ಹತ್ತಿಸಿದೆ. ಬೆಂಗಳೂರಿನಿಂದ ಮಂಗಳೂರಿಗೆ, ಕಿಟಕಿ ಪಕ್ಕದ ಸೀಟು. ಹಾಸನ ಬಂದಿರಬೇಕು ಎನ್ನುವಷ್ಟರಲ್ಲಿ ಎಂಜಿನ್ ಸದ್ದು ತಗ್ಗಿತು. ಅಪ್ಪ ನನ್ನ ಮಂಡಿ ತಟ್ಟಿ ‘ಇಳಿಸೋಕೆ ಶುರು ಮಾಡಿದ್ರು’ ಅಂದರು. ಮೋಡದ ಸಂದಿಯಲ್ಲಿ ಘಾಟಿ ಹಸಿರಾಗಿ ಹಾದುಹೋಯಿತು. ಅವರು ಮಾತಾಡಲಿಲ್ಲ, ತಿರುವು ಎಣಿಸುತ್ತಿದ್ದರೇನೋ. ಚಕ್ರ ಇಳಿದ ಮೇಲೆ, ಬಜ್ಪೆಯ ಗುಡ್ಡ ಹತ್ತಿರವಾದಾಗ, ಎಂಜಿನ್‌ಗಳು ಮತ್ತೆ ಗುಂಯ್ ಅಂದವು. ಆ ಸದ್ದು ಹಾಗೇ ಒಂದೇ ಸಮ ನಿಂತಿತು.

ಅಪ್ಪ ಸೀಟಿಗೆ ಒರಗಿ ಸಮಾಧಾನದಿಂದ ಹೇಳಿದರು: ‘ಗೇರ್‌ನಲ್ಲೇ ಇಳಿಸ್ತಿದಾನೆ.’